ಕಾರು ಬರಲಿಲ್ಲ, ಮಾವ ಬಂದರು

ವಿದೇಶಕ್ಕೆ ಹೋಗುವುದು ಹೇಗೆ ಎಂದು ಹೇಳಿಕೊಡುವವರು ನಮ್ಮ ಸುತ್ತ ಬೇಕಾದಷ್ಟು ಮಂದಿ ಇದ್ದಾರೆ. ಪಾಸ್‌ಪೋರ್ಟ್, ವೀಸಾ, ಸಂದರ್ಶನ ಎಲ್ಲದಕ್ಕೂ ಸಲಹೆ ಸಿಗುತ್ತದೆ. ಆದರೆ ಮರಳಿ ಬರುವುದು ಹೇಗೆ ಎಂದು ಕೇಳಿ ನೋಡಿ, ಉತ್ತರ ಕೊಡುವವರು ಕಡಿಮೆ. ಕರಾವಳಿಯಲ್ಲಿ ಬೆಳೆದ ನಮಗೆ ಗಲ್ಫಿನಿಂದ ಬರುವವರೆಂದರೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅತ್ತರು, ಚಾಕೊಲೇಟು. ಅದರಾಚೆಗಿನ ಲೆಕ್ಕ ನನಗೆ ಗೊತ್ತಾದದ್ದು ಒಂದು ಹಳೆಯ ಕಾರಿನಿಂದ.

ನನ್ನ ಸೋದರಮಾವ ಶಾರ್ಜಾದಲ್ಲಿ 17 ವರ್ಷ ಎ.ಸಿ. ಮೆಕ್ಯಾನಿಕ್ ಆಗಿದ್ದರು. ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆಯುವುದು ಸುಲಭವಲ್ಲ. ಹಣ ಕಟ್ಟಿ ತರಗತಿಗೆ ಹೋಗಬೇಕು, ಪರೀಕ್ಷೆ ಪಾಸಾಗಬೇಕು, ಫೇಲಾದರೆ ಮತ್ತೆ ಹಣ ಕಟ್ಟಬೇಕು. ಮಾವ ನಾಲ್ಕನೇ ಸಲಕ್ಕೆ ಪಾಸಾದರು. ಆಮೇಲೆ ಕೊಂಡ ನಿಸಾನ್ ಸನ್ನಿ ಕಾರು ಹತ್ತು ವರ್ಷ ಅವರ ಜೊತೆಗಿತ್ತು. ಕೆಲಸ ಬಿಟ್ಟು ಊರಿಗೆ ಬರುವುದೆಂದು ನಿರ್ಧಾರವಾದಾಗ ಫೋನಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಾರು ತರ್ಲಿಕ್ಕೆ ಎಷ್ಟು ಖರ್ಚಾಗ್ತದೆ, ಸ್ವಲ್ಪ ನೋಡಿ ಹೇಳ್ತೀಯಾ?"

ಬಿ.ಕಾಂ. ಕೊನೆಯ ವರ್ಷದಲ್ಲಿರುವ ನನಗೆ ಪಠ್ಯದ ಹೊರಗೆ ಸಿಕ್ಕಿದ ಮೊದಲ ಲೆಕ್ಕ ಅದು. ನಿಯಮಗಳನ್ನು ಓದುತ್ತಾ ಹೋದಂತೆ ಒಂದೊಂದೇ ಬಾಗಿಲು ಮುಚ್ಚಿತು.

ಮೊದಲನೆಯದು ಸ್ಟಿಯರಿಂಗ್. ಯುಎಇಯಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಆದ್ದರಿಂದ ಸ್ಟಿಯರಿಂಗ್ ಎಡಕ್ಕಿರುತ್ತದೆ. ಭಾರತಕ್ಕೆ ಆಮದಾಗುವ ಕಾರಿಗೆ ಸ್ಟಿಯರಿಂಗ್ ಬಲಕ್ಕೇ ಇರಬೇಕು. ಎಡಬದಿಯ ಸಂಚಾರಕ್ಕೆ ಹೊಂದುವಂತೆ ಹೆಡ್‌ಲೈಟಿನ ಬೆಳಕೂ ಬೀಳಬೇಕು. ಎರಡನೆಯದು ವಯಸ್ಸು. ಬಳಸಿದ ಕಾರಾದರೆ ತಯಾರಾಗಿ 3 ವರ್ಷ ಮೀರಿರಬಾರದು. ಮೂರನೆಯದು ತೆರಿಗೆ. ಕಾರಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಈ ಮೂರನ್ನೂ ಕೂಡಿಸಿ, ಅದರ ಮೇಲೆ ಸುಂಕ ಹಾಕುತ್ತಾರೆ. ಬಳಸಿದ ಕಾರಿಗೆ ಕಟ್ಟಬೇಕಾದ ಒಟ್ಟು ತೆರಿಗೆ ಆ ಮೊತ್ತವನ್ನೇ ಮೀರುತ್ತದೆ. ವಿದೇಶದಲ್ಲಿ ವರ್ಷಗಟ್ಟಲೆ ಇದ್ದು ಕಾಯಂ ಆಗಿ ಮರಳುವವರಿಗೆ ಫ್ರಿಜ್, ಟಿ.ವಿ.ಯಂಥ ಮನೆ ಸಾಮಾನಿನ ಮೇಲೆ ಸುಂಕದ ರಿಯಾಯಿತಿ ಉಂಟು. ಆದರೆ ಆ ಪಟ್ಟಿಯಲ್ಲಿ ಕಾರು ಇಲ್ಲ.

"ಮತ್ತೆ ದುಬೈ ನಂಬರಿನ ಕಾರು ಕೇರಳದಲ್ಲಿ ಓಡ್ತದಲ್ಲ?" ಎಂದು ಮಾವ ಕೇಳಿದರು. ಅದಕ್ಕೂ ಉತ್ತರ ಹುಡುಕಿದೆ. ಅದು ಕಾರ್ನೆಟ್ ಎಂಬ ದಾಖಲೆಯ ಮೇಲೆ ಬರುವ ಕಾರು. ಸುಂಕ ಕಟ್ಟದೆ ತಾತ್ಕಾಲಿಕವಾಗಿ ತಂದು, ಸುಮಾರು ಆರು ತಿಂಗಳೊಳಗೆ ವಾಪಸು ಕೊಂಡೊಯ್ಯಬೇಕು. ಅದಕ್ಕಾಗಿ ಅಲ್ಲಿ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಇಡಬೇಕು. ರಜೆಗೆ ಬಂದು ಹೋಗುವವರಿಗೆ ಅದು ಸರಿ, ಊರಿನಲ್ಲೇ ನಿಲ್ಲಲು ಬರುವವರಿಗೆ ಅಲ್ಲ.

ಇಷ್ಟನ್ನೂ ಹೇಳಿದ ಮೇಲೆ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ "ಅದರಲ್ಲಿ ನನ್ನ ಹತ್ತು ವರ್ಷ ಉಂಟು ಮಾರಾಯ್ತಿ" ಎಂದರು. ಕೆಲಸ ಮುಗಿಸಿ ರೂಮಿಗೆ ಬಂದರೆ ಒಂದೇ ಕೋಣೆಯಲ್ಲಿ ಆರು ಮಂದಿ. ಮನೆಗೆ ಫೋನ್ ಮಾಡಬೇಕಾದರೆ ಅವರು ಕೆಳಗಿಳಿದು ಬಂದು ಕಾರಿನಲ್ಲಿ ಕೂರುತ್ತಿದ್ದರು. ನಮ್ಮ ಜೊತೆ ಅವರು ಆಡಿದ ಹೆಚ್ಚಿನ ಮಾತುಗಳೆಲ್ಲ ಆ ಕಾರಿನೊಳಗಿನಿಂದಲೇ ಬಂದವು ಎಂದು ನನಗೆ ಅಂದೇ ಗೊತ್ತಾದದ್ದು.

ಕಾರು ಮಾರುವುದಕ್ಕೂ ಕ್ರಮವಿದೆ. ಸಾಲ ಬಾಕಿಯಿದ್ದರೆ ತೀರಿಸಬೇಕು, ಟ್ರಾಫಿಕ್ ದಂಡವಿದ್ದರೆ ಕಟ್ಟಬೇಕು, ಮುಲ್ಕಿಯಾವನ್ನು ಕೊಂಡವರ ಹೆಸರಿಗೆ ಮಾಡಿಕೊಡಬೇಕು. ಮುಲ್ಕಿಯಾ ಎಂದರೆ ಅಲ್ಲಿನ ವಾಹನ ನೋಂದಣಿ ಪತ್ರ, ನಮ್ಮ ಮೂಲ್ಕಿಗೂ ಅದಕ್ಕೂ ಸಂಬಂಧವಿಲ್ಲ! ವೀಸಾ ರದ್ದಾಗುವ ಮೊದಲೇ ಇದೆಲ್ಲ ಮುಗಿಸಿಕೊಂಡರೆ ಒಳ್ಳೆಯದು. ಕೊನೆಯ ವಾರದವರೆಗೆ ಕಾದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ. ಮಾವನ ಕಾರಿಗೆ 11 ಸಾವಿರ ದಿರ್ಹಮ್ ಸಿಕ್ಕಿತು. ದಿರ್ಹಮಿಗೆ 23 ರೂಪಾಯಿಯಂತೆ ಹಿಡಿದರೆ ಎರಡೂವರೆ ಲಕ್ಷ.

ಕಷ್ಟ ಶುರುವಾದದ್ದು ಆಮೇಲೆ. "ಇಷ್ಟು ವರ್ಷ ಗಲ್ಫಿನಲ್ಲಿದ್ದು ಬಸ್ಸಿನಲ್ಲಿ ತಿರುಗುವುದಾ? ಮಗಳ ಮದುವೆಗೆ ಬರುವವರು ಏನೆಂದುಕೊಂಡಾರು?" ಎಂದು ಅತ್ತೆಗೆ ಚಿಂತೆ. ನೆಂಟರು 14 ಲಕ್ಷದ ಹೊಸ ಕಾರೊಂದನ್ನು ತೋರಿಸಿದರು. 4 ಲಕ್ಷ ಕೈಯಿಂದ, ಉಳಿದ 10 ಲಕ್ಷ ಸಾಲ. ಶೇ 9 ಬಡ್ಡಿಯಲ್ಲಿ 5 ವರ್ಷಕ್ಕೆ ತಿಂಗಳ ಕಂತು 20 ಸಾವಿರ ದಾಟುತ್ತದೆ. ಸಂಬಳವೇ ನಿಂತ ಮನೆಯಲ್ಲಿ ಅದನ್ನು ಕಟ್ಟುವವರು ಯಾರು?

ಮತ್ತೆ ಪೆನ್ನು ಹಿಡಿದೆ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ನಿಯಮವಿದೆ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನಗಳ ವೇತನ, ನಂತರದ ಪ್ರತಿ ವರ್ಷಕ್ಕೆ 30 ದಿನಗಳ ವೇತನ. 17 ವರ್ಷಕ್ಕೆ ಒಟ್ಟು 465 ದಿನ. ಕೇಳಲು ದೊಡ್ಡದೇ. ಆದರೆ ಲೆಕ್ಕಕ್ಕೆ ಹಿಡಿಯುವುದು ಮೂಲವೇತನವನ್ನು ಮಾತ್ರ. ಮಾವನ ಕೈಗೆ ತಿಂಗಳಿಗೆ 3,000 ದಿರ್ಹಮ್ ಬರುತ್ತಿದ್ದರೂ ಮೂಲವೇತನ ಇದ್ದದ್ದು 1,800. ಅಂದರೆ ದಿನಕ್ಕೆ 60. ಒಟ್ಟು 27,900 ದಿರ್ಹಮ್, ನಮ್ಮ ಲೆಕ್ಕದಲ್ಲಿ ಸುಮಾರು 6.4 ಲಕ್ಷ ರೂಪಾಯಿ. ಕಾರಿನ ಹಣ ಸೇರಿಸಿದರೂ 9 ಲಕ್ಷ ಮುಟ್ಟುವುದಿಲ್ಲ.

ಕಾಗದದ ಮೇಲೆ ಬರೆದದ್ದನ್ನು ಅತ್ತೆ ಎರಡು ಸಲ ಓದಿದರು. ಏನೂ ಹೇಳಲಿಲ್ಲ. ಮರುವಾರ ಮಾವ ಕಾರಿನ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಓಮ್ನಿಯೊಂದನ್ನು ತಂದರು. ಗ್ಯಾಸ್ ಸಿಲಿಂಡರ್, ಏಣಿ, ಟೂಲ್ ಪೆಟ್ಟಿಗೆ ಎಲ್ಲ ಅದರಲ್ಲಿ ಹಿಡಿಯುತ್ತದೆ. ಈಗ ಎ.ಸಿ., ಫ್ರಿಜ್ ರಿಪೇರಿಗೆ ಅದರಲ್ಲೇ ಹೋಗುತ್ತಾರೆ. ಮೊದಮೊದಲು ತಿರುವಿನಲ್ಲಿ ಇಂಡಿಕೇಟರ್ ಬದಲು ವೈಪರ್ ಹಾಕುತ್ತಿದ್ದರು. ಕೈಯ ಅಭ್ಯಾಸ ಬೇಗ ಬಿಡುವುದಿಲ್ಲ. ಗ್ರಾಚ್ಯುಟಿ ಬ್ಯಾಂಕಿನಲ್ಲಿದೆ. ಓಮ್ನಿಯಲ್ಲಿ ಮದುವೆಗೆ ಹೋಗಲು ಅತ್ತೆ ಇನ್ನೂ ಒಪ್ಪಿಲ್ಲ.

ನಮ್ಮ ತರಗತಿಯಲ್ಲೇ ಆರೇಳು ಮಂದಿ ಡಿಗ್ರಿ ಮುಗಿದ ಕೂಡಲೇ ಹೊರದೇಶಕ್ಕೆ ಹೊರಡಲು ಸಿದ್ಧರಾಗಿದ್ದಾರೆ. ಹೋಗಬೇಡಿ ಎಂದು ಹೇಳುವುದಿಲ್ಲ. ಆ ದುಡಿಮೆಯಿಂದಲೇ ನಮ್ಮೂರಿನ ಎಷ್ಟೋ ಮನೆಗಳ ಹೆಂಚು ಹೋಗಿ ತಾರಸಿ ಬಂದಿದೆ, ನನ್ನ ಕಾಲೇಜು ಶುಲ್ಕದಲ್ಲೂ ಮಾವನ ಪಾಲಿದೆ. ಆದರೆ ಅಲ್ಲಿ ಕೊಳ್ಳುವ ಯಾವುದು ನಿಮ್ಮ ಜೊತೆ ಬರುತ್ತದೆ, ಯಾವುದು ಅಲ್ಲೇ ಉಳಿಯುತ್ತದೆ ಎಂದು ಕೊಳ್ಳುವ ದಿನವೇ ತಿಳಿದಿರಲಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಟ್ಟು ಸಂಬಳದ ಕೆಳಗಿನ ಸಾಲನ್ನೂ ಓದಿ. ಮೂಲವೇತನ ಎಷ್ಟೆಂದು ಬರೆದಿರುವುದು ಅಲ್ಲೇ.