ಜಾತ್ರೆಯ ಅಂಗಡಿಯೂ ಸಾಲಿನ ಗಣಿತವೂ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಪ್ರತಿವರ್ಷ ಮಾಘಮಾಸದ ಹುಣ್ಣಿಮೆಯ ಸುಮಾರಿಗೆ ಮಾಯಕ್ಕದೇವಿಯ ಜಾತ್ರೆ ನೆರೆಯುತ್ತದೆ. ಕನ್ನಡ ನಾಡಿನಿಂದಲೂ ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಭಕ್ತರು ಬಂದು ಸೇರುತ್ತಾರೆ. ಭಂಡಾರದ ಪುಡಿಯಿಂದ ಊರೆಲ್ಲ ಹಳದಿಯ ಬಣ್ಣ ತಳೆಯುತ್ತದೆ. ಜಾತ್ರೆಯೆಂದಮೇಲೆ ದೇವರ ದರ್ಶನದೊಡನೆ ವ್ಯಾಪಾರವೂ ಉಂಟು. ಕೈಕಸಬಿನವನಿಗೆ ಹಲವು ತಿಂಗಳ ದುಡಿಮೆಯ ಫಲ ಇಂಥ ಕೆಲವೇ ದಿನಗಳಲ್ಲಿ, ಆ ದಿನಗಳಲ್ಲಿಯೂ ಜನ ತುಂಬಿರುವ ಕೆಲವೇ ಗಂಟೆಗಳಲ್ಲಿ ಕೈಸೇರಬೇಕು. ಅಂಗಡಿಯ ಮುಂದಿನ ಸಾಲನ್ನು ಕಂಡು ಹಿಂದಿರುಗಿದ ಗಿರಾಕಿ ಮರಳಿ ಬಂದಾನೆಂಬ ಭರವಸೆಯಿಲ್ಲ. ಅವನ ಬಸ್ಸಾಗಲಿ ಮಿರಜದ ರೈಲಾಗಲಿ ಅವನಿಗಾಗಿ ಕಾಯುವುದಿಲ್ಲ. ಆದುದರಿಂದ ಆ ಸಾಲನ್ನು ಮೊಟಕುಗೊಳಿಸುವ ಬಗೆ ಹೇಗೆಂಬುದು ಹೊಟ್ಟೆಪಾಡಿನ ಪ್ರಶ್ನೆ. ಅದಕ್ಕೆ ಗಣಿತಶಾಸ್ತ್ರದಲ್ಲಿ ಉತ್ತರವುಂಟು.

ಇಂಥದೊಂದು ಜಾತ್ರೆಯಲ್ಲಿ ಚಪ್ಪಲಿಯ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗಳನ್ನು ನಮ್ಮ ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಕರ್ಮಿಗಳೂ ತಲೆಮಾರುಗಳಿಂದ ಹೊಲಿಯುತ್ತ ಬಂದಿದ್ದಾರೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳು ಅದರಲ್ಲಿ ಪಾಲು ಪಡೆದುವು. ನಮ್ಮ ಅಂಗಡಿಯಲ್ಲಿ ಗಿರಾಕಿಯು ಚಪ್ಪಲಿಯನ್ನು ಆರಿಸಿಕೊಂಡು ಹಣದ ಪೆಟ್ಟಿಗೆಯ ಬಳಿ ಬರುತ್ತಾನೆ. ಬೆಲೆ ಕೇಳುವುದು, ಹಣ ಎಣಿಸುವುದು, ಚಿಲ್ಲರೆ ಹುಡುಕುವುದು, ಕಟ್ಟಿಕೊಡುವುದು ಇಷ್ಟಕ್ಕೆಲ್ಲ ಸರಾಸರಿ 2 ನಿಮಿಷ ತಗುಲುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ 24 ಮಂದಿ ಬರಲಿ. ಅಂಗಡಿಕಾರನು ಗಂಟೆಗೆ 30 ಮಂದಿಯನ್ನು ಕಳುಹಿಸಿಕೊಡಬಲ್ಲನಷ್ಟೆ? ಹಾಗಾದರೆ ಸಾಲು ಏಕೆ ಬೆಳೆಯಬೇಕು?

ಗಿರಾಕಿಗಳು ಗಡಿಯಾರ ನೋಡಿಕೊಂಡು ಎರಡೂವರೆ ನಿಮಿಷಕ್ಕೊಬ್ಬರಂತೆ ಬರುವುದಿಲ್ಲವೆಂಬುದೇ ಇದರ ಗುಟ್ಟು. ಒಮ್ಮೆ 5 ಮಂದಿ ಒಟ್ಟಿಗೆ ಬರುತ್ತಾರೆ. ಒಮ್ಮೆ 10 ನಿಮಿಷ ಯಾರೂ ಸುಳಿಯುವುದಿಲ್ಲ. ಬರಿದೆ ಕುಳಿತ ಆ 10 ನಿಮಿಷಗಳನ್ನು ಡಬ್ಬಿಯಲ್ಲಿ ಕೂಡಿಟ್ಟು ನೂಕುನುಗ್ಗಲಿನ ವೇಳೆಗೆ ಬಳಸಲು ಬರುವಂತಿಲ್ಲ. ನಷ್ಟವಾದ ಬಿಡುವು ನಷ್ಟವಾಯಿತು. ಕೂಡಿಬಿದ್ದ ಸಾಲು ಮಾತ್ರ ಉಳಿಯಿತು.

ಈ ವಿಷಯವನ್ನು ಮೊದಲಿಗೆ ಶಾಸ್ತ್ರೀಯವಾಗಿ ವಿವೇಚಿಸಿದವನು ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿ ಕೆಲಸಮಾಡುತ್ತಿದ್ದ ಈತ, ಎಷ್ಟು ತಂತಿಗಳಿದ್ದರೆ ಕರೆಗಳು ತಡೆಯಿಲ್ಲದೆ ಸಾಗಬಲ್ಲುವು ಎಂಬ ಬಗೆಯ ಪ್ರಶ್ನೆಗಳನ್ನು ಸಂಭವನೀಯತೆಯ ಗಣಿತದಿಂದ ಬಿಡಿಸಲು ಹೊರಟು, 1909ರಲ್ಲಿ ಮೊದಲ ಲೇಖನವನ್ನು ಪ್ರಕಟಿಸಿದನು. ಟೆಲಿಫೋನಿನ ಕರೆಗೆ ಹೇಗೋ ಅಂಗಡಿಯ ಗಿರಾಕಿಗೂ ಹಾಗೆಯೇ ಆ ಗಣಿತ ಅನ್ವಯಿಸುತ್ತದೆ.

ಅಂಗಡಿಕಾರನು ತನ್ನ ವೇಳೆಯಲ್ಲಿ ಎಷ್ಟು ಪಾಲು ದುಡಿಯುತ್ತಿದ್ದಾನೆಂಬುದನ್ನು ಮೊದಲು ನೋಡಬೇಕು. ನಮ್ಮ ಲೆಕ್ಕದಲ್ಲಿ ಅದು 30ರಲ್ಲಿ 24, ಎಂದರೆ ಶೇಕಡ 80. ದುಡಿಮೆಯ ಪಾಲನ್ನು ಬಿಡುವಿನ ಪಾಲಿನಿಂದ ಭಾಗಿಸಿ, ಒಬ್ಬ ಗಿರಾಕಿಗೆ ತಗುಲುವ ವೇಳೆಯಿಂದ ಗುಣಿಸಿದರೆ ಸಾಲಿನಲ್ಲಿ ಕಾಯಬೇಕಾದ ಸರಾಸರಿ ವೇಳೆ ದೊರೆಯುತ್ತದೆ. ಬರುವಿಕೆಯೂ ಹಣ ತೆಗೆದುಕೊಳ್ಳುವ ವೇಳೆಯೂ ಎರಡೂ ಸಂಪೂರ್ಣವಾಗಿ ಅನಿಯತವಾಗಿರುವಾಗ ಸಲ್ಲುವ ಸೂತ್ರವಿದು. 80ನ್ನು 20ರಿಂದ ಭಾಗಿಸಿದರೆ 4. ಅದನ್ನು 2ರಿಂದ ಗುಣಿಸಿದರೆ 8 ನಿಮಿಷ.

ಇನ್ನು ಪ್ರತಿ ಗಿರಾಕಿಗೆ ಕೇವಲ 15 ಸೆಕೆಂಡು ಹೆಚ್ಚು ತಗುಲಿತೆನ್ನಿ. ದುಡಿಮೆ ಶೇಕಡ 90ಕ್ಕೇರುತ್ತದೆ. ಕಾಯುವಿಕೆ 20 ನಿಮಿಷವನ್ನು ಮೀರುತ್ತದೆ! ಅದರ ಬದಲು 30 ಸೆಕೆಂಡು ಉಳಿಸಿದೆವೆನ್ನಿ. ದುಡಿಮೆ ಶೇಕಡ 60ಕ್ಕಿಳಿದು, ಕಾಯುವಿಕೆ ಎರಡೂಕಾಲು ನಿಮಿಷಕ್ಕಿಳಿಯುತ್ತದೆ. ಕೆಲಸದ ವೇಳೆಯಲ್ಲಿ ಕಾಲು ಪಾಲು ಕಡಿಮೆಮಾಡಿದರೆ ಕಾಯುವ ವೇಳೆಯಲ್ಲಿ ಮುಕ್ಕಾಲರ ಸಮೀಪ ಕಡಿಮೆಯಾಯಿತು. ಅಂಗಡಿಯು ತುಂಬಿದಷ್ಟೂ ಒಂದೊಂದು ಸೆಕೆಂಡಿನ ಬೆಲೆ ಏರುತ್ತದೆಂಬುದು ಇಲ್ಲಿಯ ಸಾರ.

ಆ 30 ಸೆಕೆಂಡುಗಳು ಎಲ್ಲಿಂದ ಬರಬೇಕು? ಪ್ರತಿ ಜೊತೆಯ ಮೇಲೂ ಬೆಲೆಯ ಚೀಟಿಯಿದ್ದರೆ ಕೇಳುವ ಕೆಲಸವಿಲ್ಲ. ಬೆಲೆಗಳು 50ರ ಗುಣಕಗಳಾಗಿದ್ದರೆ ಚಿಲ್ಲರೆಯ ಗೋಜು ಇಳಿಯುತ್ತದೆ: 465 ರೂಪಾಯಿಗೆ 500ರ ನೋಟು ಕೊಟ್ಟವನಿಗೆ 35 ರೂಪಾಯಿ ಹೊಂದಿಸುವಲ್ಲಿ ಕನಿಷ್ಠ ಮೂರು ನೋಟು ನಾಣ್ಯಗಳನ್ನು ಹುಡುಕಬೇಕು; 450 ಎಂದಿದ್ದರೆ 50ರ ಒಂದೇ ನೋಟು ಸಾಕು. ಜೊತೆಯ ಎರಡು ಚಪ್ಪಲಿಗಳನ್ನೂ ಮೊದಲೇ ದಾರದಿಂದ ಕಟ್ಟಿಟ್ಟರೆ ಎಡಕ್ಕೆ ಬಲವನ್ನು ಅರಸುವ ತೊಂದರೆಯಿಲ್ಲ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯ ಚೌಕುಳಿ ಸಂಕೇತವನ್ನು ಪೆಟ್ಟಿಗೆಯ ಮೇಲೆ ಮಾತ್ರ ಅಂಟಿಸದೆ, ಸಾಲಿನಲ್ಲಿ ನಿಂತವರಿಗೂ ಕಾಣುವಂತೆ ತೂಗುಹಾಕಿದರೆ, ತಮ್ಮ ಸರದಿ ಬರುವ ಮೊದಲೇ ಅವರು ಫೋನನ್ನು ಸಿದ್ಧಮಾಡಿಕೊಳ್ಳಬಹುದು. ಆದರೆ ಜನಸಂದಣಿಯಲ್ಲಿ ಮೊಬೈಲ್ ಗೋಪುರಕ್ಕೂ ಸಾಲು ಹತ್ತುವುದುಂಟು. ಅದೂ ಎರ್ಲಾಂಗನ ಸಮಸ್ಯೆಯೇ. ಆದುದರಿಂದ ಚಿಲ್ಲರೆಯ ಡಬ್ಬಿಯನ್ನು ಮನೆಯಲ್ಲಿ ಬಿಟ್ಟು ಬರುವುದು ಜಾಣತನವಲ್ಲ.

ಸೆಕೆಂಡು ಉಳಿಸದೆಯೂ ಸಾಲನ್ನು ಇಳಿಸುವ ಎರಡು ಉಪಾಯಗಳಿವೆ. ಮೊದಲನೆಯದು, ವೇಳೆಯ ಏರಿಳಿತವನ್ನು ತಗ್ಗಿಸುವುದು. ಫೆಲಿಕ್ಸ್ ಪೊಲಾಚೆಕ್ 1930ರಲ್ಲಿ ಪ್ರಕಟಿಸಿದ ಸೂತ್ರದಂತೆ, ಸರಾಸರಿ 2 ನಿಮಿಷವೇ ಇದ್ದರೂ ಪ್ರತಿಯೊಬ್ಬನಿಗೂ ಸರಿಯಾಗಿ 2 ನಿಮಿಷವೇ ತಗುಲುವಂತಾದರೆ ಕಾಯುವಿಕೆ 8ರಿಂದ 4 ನಿಮಿಷಕ್ಕಿಳಿಯುತ್ತದೆ. ಚೌಕಾಸಿ ಮಾಡುವವನನ್ನೂ ಅಳತೆ ಬದಲಿಸಿಕೊಳ್ಳಲು ಬಂದವನನ್ನೂ ಪಕ್ಕಕ್ಕೆ ಕರೆದು ಮಾತನಾಡಿಸಬೇಕೆಂಬುದಕ್ಕೆ ಇದೇ ಕಾರಣ.

ಎರಡನೆಯದು, ಸಾಲುಗಳನ್ನು ಕೂಡಿಸುವುದು. ಜನರು ಗಂಟೆಗೆ 48ಕ್ಕೇರಿದರೆಂದು ಎರಡು ಪೆಟ್ಟಿಗೆಗಳನ್ನಿಟ್ಟೆವೆನ್ನಿ. ಪ್ರತಿಯೊಂದಕ್ಕೂ ಬೇರೆ ಸಾಲಿದ್ದು, ಸಾಲು ಬದಲಿಸುವಂತಿಲ್ಲದಿದ್ದರೆ ಕಾಯುವಿಕೆ ಮೊದಲಿನಂತೆ 8 ನಿಮಿಷವೇ. ಒಂದೇ ಸಾಲು ನಿಲ್ಲಿಸಿ, ಯಾವ ಪೆಟ್ಟಿಗೆ ಬಿಡುವಾದರೆ ಅತ್ತ ಮುಂದಿನವನನ್ನು ಕಳುಹಿಸಿದರೆ ಅದು ಮೂರೂವರೆ ನಿಮಿಷದ ಸುಮಾರಿಗಿಳಿಯುತ್ತದೆ. ಒಂದು ಪೆಟ್ಟಿಗೆಯವನು ಬರಿದೆ ಕುಳಿತಿರುವಾಗ ಇನ್ನೊಂದರ ಮುಂದೆ ಸಾಲು ನಿಲ್ಲುವ ಅನ್ಯಾಯ ಇಲ್ಲಿ ತಪ್ಪುತ್ತದೆ. ಇದಕ್ಕೆ ತಗುಲುವ ಖರ್ಚು ಎರಡು ಗೂಟ, ಒಂದು ಹಗ್ಗ.

ವಿದ್ಯಾರ್ಥಿಗಳು ಇದನ್ನು ತಮ್ಮ ಶಾಲೆಯ ವಸ್ತುಪ್ರದರ್ಶನದಲ್ಲಿಯೇ ಪರೀಕ್ಷಿಸಿ ನೋಡಬಹುದು. ಪ್ರತಿಯೊಬ್ಬನ ಹಿಂದೆಯೂ ಗಡಿಯಾರ ಹಿಡಿದು ನಿಲ್ಲಬೇಕಾಗಿಲ್ಲ. ಸಾಲಿನಲ್ಲಿರುವವರ ಸರಾಸರಿ ಸಂಖ್ಯೆಯು, ನಿಮಿಷಕ್ಕೆ ಬರುವವರ ಸಂಖ್ಯೆಯನ್ನು ಕಾಯುವ ವೇಳೆಯಿಂದ ಗುಣಿಸಿದಷ್ಟಿರುತ್ತದೆಂದು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದನು. ಆಗಾಗ ತಲೆಗಳನ್ನು ಎಣಿಸಿ, ಬಂದವರನ್ನು ಗುರುತುಹಾಕಿಕೊಂಡರೆ ಕಾಯುವ ವೇಳೆಯನ್ನು ಲೆಕ್ಕದಿಂದಲೇ ತಿಳಿಯಬಹುದು.

ಕೊನೆಯದಾಗಿ ಒಂದು ಮಾತು. ಚಪ್ಪಲಿಯನ್ನು ಕಾಲಿಗೆ ತೊಡಿಸಿ, ಚರ್ಮವನ್ನು ಹದಗೊಳಿಸಿದ ರೀತಿಯನ್ನೂ ಹೆಣಿಗೆಯ ಬಗೆಯನ್ನೂ ಕುಶಲಕರ್ಮಿಯು ವಿವರಿಸುವ ವೇಳೆಯನ್ನು ಮೊಟಕುಗೊಳಿಸಬೇಕೆಂದು ಈ ಗಣಿತ ಹೇಳುವುದಿಲ್ಲ. ಆ ಮಾತಿನಿಂದಲೇ ಕೈಕೆಲಸದ ಬೆಲೆ ಗಿರಾಕಿಗೆ ತಿಳಿಯುವುದು. ಚಿಲ್ಲರೆ ಹುಡುಕುವುದರಲ್ಲಿ ಕಳೆದ ನಿಮಿಷದಿಂದ ಕೊಂಡವನಿಗೂ ಲಾಭವಿಲ್ಲ, ಮಾರಿದವನಿಗೂ ಲಾಭವಿಲ್ಲ, ಉಳಿಸಬೇಕಾದುದು ಅದನ್ನು.