ತಾಯಿಗೆ ಮದ್ದು, ಮಗಳಿಗೆ ವ್ಯಾಧಿ

ಕನ್ನಡದ ‘ಮದ್ದು’ ಎಂಬ ಪದಕ್ಕೆ ಔಷಧವೆಂಬ ಅರ್ಥವಿರುವಂತೆ ಕೇಡನ್ನುಂಟುಮಾಡುವ ವಸ್ತುವೆಂಬ ಅರ್ಥವೂ ಉಂಟು. ‘ಮದ್ದು ಹಾಕಿದರು’ ಎಂದೊಡನೆ ವೈದ್ಯನ ಉಪಕಾರವನ್ನು ಯಾರೂ ನೆನೆಯುವುದಿಲ್ಲ. ಈ ಎರಡೂ ಅರ್ಥಗಳು ಒಂದೇ ಗುಳಿಗೆಯಲ್ಲಿ ಕೂಡಿಕೊಂಡ ಪ್ರಸಂಗವೊಂದು ಆಧುನಿಕ ವೈದ್ಯಶಾಸ್ತ್ರದ ಚರಿತ್ರೆಯಲ್ಲಿದೆ.

ಸ್ತ್ರೀದೇಹದಲ್ಲಿ ಸಹಜವಾಗಿ ಉತ್ಪನ್ನವಾಗುವ ಹಾರ್ಮೋನುಗಳಲ್ಲಿ ಈಸ್ಟ್ರೊಜನ್ ಮುಖ್ಯವಾದುದು. ಅದರ ಕಾರ್ಯವನ್ನೇ ಮಾಡಬಲ್ಲ ಕೃತಕ ದ್ರವ್ಯವೊಂದನ್ನು 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಅವರ ಸಹೋದ್ಯೋಗಿಗಳು ಸಿದ್ಧಪಡಿಸಿದರು. ಡೈಇಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬುದು ಅದರ ಹೆಸರು; ಸಂಕ್ಷೇಪವಾಗಿ ಡಿ.ಇ.ಎಸ್. ಅದು ಗರ್ಭಸ್ರಾವವನ್ನು ತಡೆಯುವುದೆಂದು ಬಾಸ್ಟನ್ನಿನ ಸ್ಮಿತ್ ದಂಪತಿಗಳು ಪ್ರತಿಪಾದಿಸಿದರು. ಅಮೆರಿಕದಲ್ಲಿ ಲಕ್ಷಾಂತರ ಗರ್ಭಿಣಿಯರು ಅದನ್ನು ನಂಬಿ ಸೇವಿಸಿದರು.

1953ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಡೀಕ್‌ಮನ್ ಮೊದಲಾದವರು ಸುಮಾರು 1,600 ಗರ್ಭಿಣಿಯರ ಪರೀಕ್ಷಾಫಲವನ್ನು ಪ್ರಕಟಿಸಿದರು. ಕೆಲವರಿಗೆ ಡಿ.ಇ.ಎಸ್., ಉಳಿದವರಿಗೆ ಔಷಧಗುಣವಿಲ್ಲದ ಗುಳಿಗೆ. ಇಬ್ಬಗೆಯವರಲ್ಲಿಯೂ ಗರ್ಭಸ್ರಾವದ ಪ್ರಮಾಣದಲ್ಲಿ ಭೇದವೇ ಕಾಣಲಿಲ್ಲ. ಪ್ರಯೋಜನವಿಲ್ಲವೆಂಬುದು ಹೀಗೆ ಸಿದ್ಧವಾದರೂ, ರೂಢಿಯಾಗಿ ಹೋದ ಚಿಕಿತ್ಸೆ ಮತ್ತೆ ಹದಿನೆಂಟು ವರ್ಷ ನಡೆಯಿತು.

1971ರಲ್ಲಿ ಬಾಸ್ಟನ್ನಿನ ಹರ್ಬ್‌ಸ್ಟ್ ಮತ್ತು ಸಂಗಡಿಗರು, ಯೋನಿಮಾರ್ಗದ ಅಪರೂಪದ ಅರ್ಬುದ, ಅಂದರೆ ಕ್ಯಾನ್ಸರ್, ತಗುಲಿದ್ದ ಎಂಟು ಮಂದಿ ತರುಣಿಯರ ವೃತ್ತಾಂತವನ್ನು ಪ್ರಕಟಿಸಿದರು. ಅವರ ವಯಸ್ಸು 15ರಿಂದ 22ರವರೆಗೆ. ಎಂಟರಲ್ಲಿ ಏಳು ಮಂದಿಯ ತಾಯಂದಿರು ಗರ್ಭಿಣಿಯರಾಗಿದ್ದಾಗ ಡಿ.ಇ.ಎಸ್. ಸೇವಿಸಿದ್ದರು; ಹೋಲಿಕೆಗಾಗಿ ಆರಿಸಿದ್ದ 32 ತಾಯಂದಿರಲ್ಲಿ ಒಬ್ಬರೂ ಸೇವಿಸಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಗರ್ಭಿಣಿಯರಿಗೆ ಅದನ್ನು ಕೊಡಕೂಡದೆಂದು ವೈದ್ಯರಿಗೆ ತಿಳಿಸಿತು.

ತಾಯಿಯ ಔಷಧ ಮಗಳನ್ನು ಬಾಧಿಸಿದ ಬಗೆ ಹೇಗೆ? ಭ್ರೂಣದ ಜನನಾಂಗಗಳು ರೂಪುಗೊಳ್ಳುವ ಕಾಲದಲ್ಲಿ ಆ ಕೃತಕ ಹಾರ್ಮೋನು ತಾಯಿಯ ರಕ್ತದಿಂದ ಶಿಶುವನ್ನು ಸೇರಿ, ಅಂಗರಚನೆಯ ಕ್ರಮವನ್ನು ಕದಡಿತು. ಮರೆಯಾಗಬೇಕಾಗಿದ್ದ ಗ್ರಂಥಿಕೋಶಗಳು ಯೋನಿಮಾರ್ಗದಲ್ಲಿ ಉಳಿದುಬಿಟ್ಟವು. ಮೊಳೆಯಲ್ಲಾದ ವಿಕಾರ ಗಿಡ ಬೆಳೆದಾಗ ತೋರಿದಂತೆ, ಅದರ ಫಲ ಯೌವನದಲ್ಲಿ ಪ್ರಕಟವಾಯಿತು.

ಈ ಅರ್ಬುದ ಆ ಮಗಳಂದಿರಲ್ಲಿ ಸುಮಾರು ಸಾವಿರಕ್ಕೆ ಒಬ್ಬರಿಗೆ ಬಂದಿದೆ. ಆದುದರಿಂದ ಎಲ್ಲರೂ ಭಯಪಡಬೇಕಾಗಿಲ್ಲ. ಆದರೆ ಗರ್ಭಕೋಶದ ಕಂಠದಲ್ಲಿ ಅರ್ಬುದಕ್ಕೆ ಪೂರ್ವಭಾವಿಯಾದ ವಿಕಾರಗಳು ಅವರಲ್ಲಿ ಇತರರಿಗಿಂತ ಸುಮಾರು ಇಮ್ಮಡಿ. ಬಂಜೆತನ, ಅಕಾಲಪ್ರಸವಗಳೂ ಹೆಚ್ಚು. ಔಷಧವನ್ನು ಸೇವಿಸಿದ ತಾಯಂದಿರಲ್ಲಿ ಸ್ತನದ ಅರ್ಬುದದ ಸಂಭವ ಸುಮಾರು ಶೇಕಡಾ 30ರಷ್ಟು ಅಧಿಕ.

ಅಮೆರಿಕದ ಆ ಮಗಳಂದಿರು ಇಂದು ಬಹುತೇಕ ಐವತ್ತನ್ನು ದಾಟಿದವರು. ತಾರುಣ್ಯ ಕಳೆಯಿತೆಂದು ಅವರು ನಿಶ್ಚಿಂತರಾಗುವಂತಿಲ್ಲ. ತಾಯಿ ಸೇವಿಸಿದ ಔಷಧವನ್ನು ವೈದ್ಯರಿಗೆ ತಿಳಿಸಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದೇ ಅವರಿಗೆ ರಕ್ಷೆ.

ಅಂದು ಗುಳಿಗೆ ಕೊಟ್ಟವರ ಉದ್ದೇಶ ಕೆಟ್ಟುದಾಗಿರಲಿಲ್ಲ; ಆದರೆ ಸದುದ್ದೇಶ ಪ್ರಮಾಣಕ್ಕೆ ಬದಲಾಗಲಾರದು. ಗರ್ಭಿಣಿಗೆ ಕೊಡುವ ಔಷಧ ಇಬ್ಬರಿಗೆ ಕೊಡುವ ಔಷಧವೆಂಬ ಎಚ್ಚರ ವೈದ್ಯರಿಗೂ ಮನೆಯವರಿಗೂ ಸದಾ ಇರತಕ್ಕದ್ದು.