ಕೇಳುಪುಸ್ತಕ: ವಾಚನ ಮತ್ತು ಸಂಗ್ರಹ

ಪುಸ್ತಕವನ್ನು ಕಣ್ಣಿನಿಂದ ಓದುವುದಕ್ಕೂ ಕಿವಿಯಿಂದ ಕೇಳುವುದಕ್ಕೂ ಇರುವ ವ್ಯತ್ಯಾಸವೇನು? ಮೊಬೈಲ್ ಫೋನಿನಲ್ಲಿ ಕನ್ನಡ ಕಥೆ ಕಾದಂಬರಿಗಳನ್ನು ಕೇಳುವ ಅನುಕೂಲ ಒದಗಿದ ಮೇಲೆ ಈ ಪ್ರಶ್ನೆ ಅಲ್ಲಲ್ಲಿ ಎದ್ದಿದೆ. ಮೈಲ್ಯಾಂಗ್‌ನಂತಹ ಸಂಸ್ಥೆಗಳು ಕನ್ನಡದಲ್ಲಿ ಕೇಳುಪುಸ್ತಕಗಳನ್ನು ಹೊರತರುತ್ತಿವೆ. ಇದು ಸಾಹಿತ್ಯಕ್ಕೆ ಲಾಭವೋ ನಷ್ಟವೋ ಎಂದು ಸಾಹಿತ್ಯಾಸಕ್ತರು ವಾದಿಸುವುದನ್ನೂ ಕೇಳಿದ್ದೇನೆ. ಆದರೆ ಕೇಳುಗರೇ, ಈ ಪ್ರಶ್ನೆ ಕನ್ನಡಿಗರಿಗೆ ಹೊಸದೇನೂ ಅಲ್ಲ. ಮುದ್ರಣಯಂತ್ರ ನಮ್ಮ ನಾಡಿಗೆ ಬರುವುದಕ್ಕೆ ಶತಮಾನಗಳ ಮೊದಲೇ ನಮ್ಮ ಜನ ಕಾವ್ಯವನ್ನು ಕೇಳಿಯೇ ಬಲ್ಲವರಾಗಿದ್ದರು. ಆದಕಾರಣ ನಮ್ಮ ಹಳೆಯ ಅನುಭವವನ್ನು ಮುಂದಿಟ್ಟುಕೊಂಡು ಈ ಹೊಸ ವಸ್ತುವನ್ನು ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಗಮಕವಾಚನವೆಂಬುದು ಇಬ್ಬರು ಸೇರಿ ನಡೆಸುವ ಕಲೆ. ಗಮಕಿಯು ಪದ್ಯವನ್ನು ರಾಗವಾಗಿ ಓದುತ್ತಾನೆ. ವ್ಯಾಖ್ಯಾನಕಾರನು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾನೆ. ಗಮಕಿಗೆ ರಾಗವುಂಟು, ಆದರೆ ತಾಳದ ಕಟ್ಟಿಲ್ಲ; ಸಂಗೀತವು ಸಾಹಿತ್ಯವನ್ನು ಮೀರಿ ಹೋಗಕೂಡದೆಂಬುದು ಈ ಕಲೆಯ ಮೊದಲ ನಿಯಮ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಈ ಕಲೆಯ ಹೆಸರನ್ನು ಎಷ್ಟೋ ಮಂದಿ ಎಳೆಯರು ಮೊದಲ ಬಾರಿಗೆ ಕೇಳಿರಬೇಕು. ಆದರೆ ಭಾರತವನ್ನೋ ಜೈಮಿನಿಯನ್ನೋ ಓದಿಸಿ ಕೇಳುವುದು ನಮ್ಮ ಹಳ್ಳಿಗಳ ಹಳೆಯ ವಾಡಿಕೆ. ಮಳೆ ಹೋದ ವರ್ಷ ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುತ್ತದೆಂಬ ನಂಬಿಕೆಯೂ ಇದೆ. ಪಾವಗಡ, ಮಧುಗಿರಿಗಳಂತಹ ಬರದ ಸೀಮೆಯವರಿಗೆ ಈ ನಂಬಿಕೆಯ ಹಿಂದಿನ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಾವ್ಯವಾಚನದಲ್ಲಿ ದನಿಯು ಮಾಡುವ ಕೆಲಸವೇನೆಂಬುದನ್ನು ಭಾಮಿನಿ ಷಟ್ಪದಿಯನ್ನು ನೋಡಿ ತಿಳಿಯಬಹುದು. ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುವ ಈ ಛಂದಸ್ಸಿನಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ; ಮೂರನೆಯ ಮತ್ತು ಆರನೆಯ ಸಾಲುಗಳಿಗೆ 23 ಮಾತ್ರೆ. ಗಣ ಮುಗಿದಲ್ಲಿ ಪದ ಮುಗಿಯುವುದಿಲ್ಲ. ಸಾಲು ಮುಗಿದಲ್ಲಿ ವಾಕ್ಯ ಮುಗಿಯುವುದಿಲ್ಲ. ಛಂದಸ್ಸನ್ನೇ ಹಿಡಿದು ಓದಿದರೆ ಪದ್ಯ ಕುಣಿಯುತ್ತದೆ, ಅರ್ಥ ಮಾತ್ರ ಚೂರಾಗುತ್ತದೆ. ಬರಿಯ ಅರ್ಥವನ್ನೇ ಹಿಡಿದು ಓದಿದರೆ ಪದ್ಯವು ಗದ್ಯವಾಗಿಬಿಡುತ್ತದೆ. ಸಂಧಿಯನ್ನು ಎಲ್ಲಿ ಬಿಡಿಸಬೇಕು, ಸಮಾಸವನ್ನು ಎಲ್ಲಿಯವರೆಗೆ ಒಂದೇ ಉಸಿರಿನಲ್ಲಿ ಒಯ್ಯಬೇಕು ಎಂದು ತೀರ್ಮಾನಿಸುವವನು ಗಮಕಿ. ಅವನು ನಿಲ್ಲಿಸಿದ ಕಡೆ ಅರ್ಥ ನಿಲ್ಲುತ್ತದೆ. ಹೀಗಾಗಿ ವ್ಯಾಖ್ಯಾನಕಾರನು ಬಾಯಿ ತೆರೆಯುವ ಮೊದಲೇ ಒಂದು ವ್ಯಾಖ್ಯಾನ ನಡೆದುಹೋಗಿರುತ್ತದೆ.

ಗದ್ಯದ ವಾಚನವೂ ಸುಲಭವಲ್ಲ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಎದ್ದು, ನಡೆದು, ನೋಡಿ, ನಿಂತು ಎಂದು ಕ್ರಿಯೆಗಳ ಸರಪಣಿ ಬೆಳೆದು, ಕಟ್ಟಕಡೆಯಲ್ಲಿ 'ಹೇಳಲಿಲ್ಲ' ಎಂದು ಬಂದಾಗ ಇಡೀ ವಾಕ್ಯದ ದಿಕ್ಕೇ ತಿರುಗುತ್ತದೆ. ಕಣ್ಣು ಆ ಕೊನೆಯನ್ನು ಮೊದಲೇ ಕಂಡಿರಬಹುದು. ಕಿವಿಗೆ ಆ ಸೌಲಭ್ಯವಿಲ್ಲ. ನಡುವೆ ದನಿಯನ್ನು ಇಳಿಸಿದರೆ ವಾಕ್ಯ ಮುಗಿಯಿತೆಂದು ಕೇಳುಗ ಭಾವಿಸುತ್ತಾನೆ. ಹಕಾರ ಅಕಾರಗಳನ್ನು ಕಲಸಿದರಂತೂ ಹಕ್ಕಿಯು ಅಕ್ಕಿಯಾಗುತ್ತದೆ. ಇನ್ನು ವ್ಯಂಗ್ಯದ ಮಾತು. ಮುದ್ರಿತ ಪುಟದಲ್ಲಿ ಲೇಖಕನು ಮುಖ ಬಿಗಿದುಕೊಂಡು ಹೇಳಿದ ಮಾತಿನೊಳಗಿನ ನಗೆಯನ್ನು ಓದುಗ ತಾನೇ ಕಂಡುಕೊಳ್ಳಬೇಕು. ವಾಚಕನು ಆ ಮಾತನ್ನು ನಗುತ್ತ ಓದಿದರೆ ಓದುಗನ ಪಾಲಿನ ಕೆಲಸವನ್ನು ತಾನು ಕಸಿದುಕೊಂಡಂತೆ. ನಗೆಯನ್ನು ಗಮನಿಸದೆ ಓದಿದರೆ ಲೇಖಕನನ್ನೇ ಪೆದ್ದನನ್ನಾಗಿ ಮಾಡಿದಂತೆ. ಒಳ್ಳೆಯ ವಾಚಕನು ಇವೆರಡರ ನಡುವಿನ ಕಿರುದಾರಿಯಲ್ಲಿ ನಡೆಯುತ್ತಾನೆ.

ಪ್ರಾದೇಶಿಕ ನುಡಿಯ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಪ್ರಕಟವಾದಾಗ ಅದರ ನಂಜನಗೂಡು ಸೀಮೆಯ ಆಡುಮಾತು ಎಷ್ಟೋ ಓದುಗರಿಗೆ ತೊಡಕಾಗಿ ಕಂಡಿತು. ಅಕ್ಷರದಲ್ಲಿ ಗಂಟಾಗಿ ಕಾಣುವ ಅಂತಹ ಮಾತು ಬಲ್ಲವರ ಬಾಯಲ್ಲಿ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ವಾಚನದ ನಿಜವಾದ ಉಪಕಾರವೆಂದರೆ ಇದು. ಆದರೆ ಆ ನುಡಿಯನ್ನು ಅರಿಯದವನು ಅನುಕರಿಸಹೊರಟರೆ ಅದು ಅಣಕವಾಗುತ್ತದೆ. ಪಾವಗಡದ ಕಡೆಯ ಕನ್ನಡಕ್ಕೆ ತೆಲುಗಿನ ನೆರೆಯಿಂದ ಬಂದ ಒಂದು ರಾಗವುಂಟು. ಅಲ್ಲಿಯ ರೈತನೊಬ್ಬನನ್ನು ಕಥೆಯಲ್ಲಿ ತಂದರೆ, ಆ ರಾಗವನ್ನು ನಗಿಸುವುದಕ್ಕಾಗಿ ಬಳಸುವ ವಾಚಕನೂ ಇರಬಹುದು, ಅದರ ಮರ್ಯಾದೆಯನ್ನು ಕಾಯುವ ವಾಚಕನೂ ಇರಬಹುದು. ಪುಸ್ತಕ ಒಂದೇ, ಕೇಳುಗನು ಮನೆಗೆ ಕೊಂಡೊಯ್ಯುವ ರೈತ ಬೇರೆಬೇರೆ.

ಈಗ ಸಂಗ್ರಹದ ವಿಚಾರ. ನಿಮಿಷಕ್ಕೆ 100 ಪದಗಳಂತೆ ಓದಿದರೆ ಒಂದೂವರೆ ಲಕ್ಷ ಪದಗಳ ಕಾದಂಬರಿಗೆ 25 ಗಂಟೆ ಬೇಕು. ಹದಿನೈದು ನಿಮಿಷದ ಕಂತುಗಳಾಗಿ ಪ್ರಸಾರ ಮಾಡಿದರೆ 100 ಕಂತುಗಳಾಗುತ್ತವೆ. ಇಷ್ಟು ವ್ಯವಧಾನವಾಗಲಿ ಹಣವಾಗಲಿ ಇಲ್ಲದಾಗ ಕತ್ತರಿ ಕೈಗೆ ಬರುತ್ತದೆ.

ಕತ್ತರಿಯನ್ನು ಕಂಡೊಡನೆ ಸಿಟ್ಟಾಗಬೇಕಾಗಿಲ್ಲ. ನಮ್ಮ ಪರಂಪರೆಯಲ್ಲಿ ಸಂಗ್ರಹಕ್ಕೆ ಗೌರವದ ಸ್ಥಾನವಿದೆ. ಹದಿನೆಂಟು ಪರ್ವಗಳ ಮಹಾಭಾರತದಲ್ಲಿ ಕುಮಾರವ್ಯಾಸನು ಹತ್ತು ಪರ್ವಗಳನ್ನು ಹೇಳಿ ಗದಾಪರ್ವಕ್ಕೆ ಮಂಗಳ ಹಾಡಿದನು. ಉಳಿದ ಕಥೆಯನ್ನು ಕನ್ನಡಿಸುವ ಕೆಲಸ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಗೆ ಬಂತು. ಸಿರಾದಿಂದ ಉತ್ತರಕ್ಕೆ ಹಿರಿಯೂರು ದಾಟಿ ಹೋದರೆ ಸಿಗುವ ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು, ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ಸೇರಿ 'ಹರಿಶ್ಚಂದ್ರಕಾವ್ಯ ಸಂಗ್ರಹ'ವನ್ನು ಸಿದ್ಧಪಡಿಸಿದರು. ರಾಘವಾಂಕನನ್ನು ನಮ್ಮ ತಲೆಮಾರುಗಳು ಬಲ್ಲದ್ದು ಬಹುಮಟ್ಟಿಗೆ ಆ ಬಾಗಿಲಿನಿಂದಲೇ. ಕೃಷ್ಣಶಾಸ್ತ್ರಿಗಳ 'ವಚನಭಾರತ' 1950ರಲ್ಲಿ ಬಂದಿತು, ಅದೂ ಸಂಗ್ರಹವೇ. ಇವರು ಯಾರೂ ಗುಟ್ಟಾಗಿ ಕತ್ತರಿಸಲಿಲ್ಲ. ಸಂಗ್ರಹವೆಂದು ಹೊದಿಕೆಯ ಮೇಲೋ ಮುನ್ನುಡಿಯಲ್ಲೋ ಹೇಳಿ, ತಮ್ಮ ಹೆಸರನ್ನು ಹಾಕಿ, ಹೊಣೆಯನ್ನು ಹೊತ್ತರು. ಇನ್ನೊಂದು ಕಡೆ ಇಡೀ ಕಾವ್ಯವೂ ಜನರಿಗೆ ಸಿಕ್ಕುವಂತಿತ್ತು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ 'ಕರ್ಣಾಟ ಭಾರತ ಕಥಾಮಂಜರಿ' 1958ರಲ್ಲಿ ಹೊರಬಂದು ಎಂಟು ಸಾವಿರಕ್ಕೂ ಮೇಲ್ಪಟ್ಟ ಪದ್ಯಗಳನ್ನು ಸಾಮಾನ್ಯರ ಮನೆಗೆ ತಲುಪಿಸಿತು.

ಗಮಕದ ಸಭೆಯಲ್ಲಿಯೂ ಆಯ್ಕೆ ನಡೆಯುತ್ತದೆ. ಕರ್ಣಭೇದನ, ಉತ್ತರನ ಪೌರುಷ, ಕೀಚಕವಧೆ ಮುಂತಾದ ಪ್ರಸಂಗಗಳನ್ನು ಆರಿಸಿಕೊಳ್ಳುತ್ತಾರೆ. ನಡುವಿನ ಪದ್ಯಗಳನ್ನು ಬಿಡುತ್ತಾರೆ. ಆದರೆ ಬಿಟ್ಟ ಭಾಗದ ಕಥೆಯನ್ನು ವ್ಯಾಖ್ಯಾನಕಾರನು ನಾಲ್ಕು ಮಾತಿನಲ್ಲಿ ಹೇಳಿ ಮುಂದಿನ ಪದ್ಯಕ್ಕೆ ಸೇತುವೆ ಕಟ್ಟುತ್ತಾನೆ. ತಾನು ಕೇಳುತ್ತಿರುವುದು ದೊಡ್ಡದೊಂದರ ತುಂಡು ಎಂಬುದು ಕೇಳುಗನಿಗೆ ಗೊತ್ತಿರುತ್ತದೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ನೆಲೆನಿಂತ ಜುಂಜಪ್ಪನ ಕಾವ್ಯವನ್ನು ಕಾಡುಗೊಲ್ಲರ ಹಾಡುಗಾರರು ಹಾಡುವ ಕ್ರಮವೂ ಇಂಥದೇ. ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಸಾಗುವ ಈ ಹಾಡು ಸಮಯಕ್ಕೂ ಸಂದರ್ಭಕ್ಕೂ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಎದುರಿಗೆ ಕುಳಿತವರು ಆ ಕಥೆಯನ್ನು ಬಲ್ಲವರು. ಬಿಟ್ಟದ್ದು ಬಿಟ್ಟದ್ದೆಂದು ಅವರಿಗೆ ತಿಳಿಯುತ್ತದೆ. ಬೇಕಾದರೆ ಹಾಡುಗಾರನನ್ನು ಕೇಳಲೂ ಬಹುದು.

ಧ್ವನಿಮುದ್ರಿತ ಪುಸ್ತಕದ ಎದುರಿಗೆ ಕುಳಿತವನಿಗೆ ಈ ಅವಕಾಶವಿಲ್ಲ. ಮುದ್ರಿತ ಸಂಗ್ರಹವನ್ನು ಕೈಗೆತ್ತಿಕೊಂಡರೆ ಅದು ತೆಳ್ಳಗಿರುವುದಾದರೂ ತಿಳಿಯುತ್ತದೆ. ದನಿಯಲ್ಲಿ ಕತ್ತರಿಸಿದ ಗಾಯ ಕಾಣುವುದಿಲ್ಲ. ಒಂದು ವಾಕ್ಯದ ಬೆನ್ನಿಗೆ ಮತ್ತೊಂದು ವಾಕ್ಯ ನಯವಾಗಿ ಹರಿದು ಬರುತ್ತದೆ. ಹಾಗೆ ಬಿಟ್ಟುಹೋಗುವುದು ಸಾಮಾನ್ಯವಾಗಿ ಏನು? ಕಥೆಯ ಎಳೆ ಉಳಿಯುತ್ತದೆ. ವರ್ಣನೆ, ಚಿಂತನೆ, ಉಪಕಥೆ, ಸಣ್ಣ ಪಾತ್ರಗಳು ಹೋಗುತ್ತವೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ತೆಗೆದುಕೊಳ್ಳಿ. ಸಂಗ್ರಹಕಾರನು ಮುಕುಂದಯ್ಯ ಚಿನ್ನಮ್ಮರ ಕಥೆಯನ್ನು ಉಳಿಸಿಕೊಂಡು ಐತ ಪೀಂಚಲುಗಳನ್ನೂ, ಗುತ್ತಿಯ ನಾಯಿ ಹುಲಿಯನನ್ನೂ ಬಿಟ್ಟನೆನ್ನಿ. ಕಥೆ ತಿಳಿಯುತ್ತದೆ, ಕಾದಂಬರಿ ಮಾತ್ರ ಇಲ್ಲವಾಗುತ್ತದೆ. ಏಕೆಂದರೆ ಮಲೆನಾಡಿನ ಆ ಲೋಕದಲ್ಲಿ ದೊಡ್ಡವರ ಬಾಳಿಗೆ ಎಷ್ಟು ತೂಕವೋ ಸಣ್ಣವರ ಬಾಳಿಗೂ ಅಷ್ಟೇ ತೂಕವೆಂಬುದೇ ಅದರ ದರ್ಶನ. ಈ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ರಂಗಕ್ಕೆ ತಂದಾಗ ಪ್ರದರ್ಶನ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆಗಳ ಕಾಲ ನಡೆಯುತ್ತಿತ್ತು. ಅದೂ ಸಂಗ್ರಹವೇ. ಆದರೂ ಕಾಲವನ್ನು ಹಿಗ್ಗಿಸಿಕೊಳ್ಳದೆ ಆ ಲೋಕವನ್ನು ತೋರಿಸಲಾಗದೆಂಬ ವಿವೇಕ ಅದರಲ್ಲಿತ್ತು.

ಹೊರನಾಡುಗಳ ಚರಿತ್ರೆಯಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದ 1935ನೇ ಇಸವಿಯಲ್ಲಿಯೇ ಇಂಗ್ಲೆಂಡಿನಲ್ಲಿ ಅಂಧರಿಗಾಗಿ 'ಮಾತನಾಡುವ ಪುಸ್ತಕ'ಗಳು ಹೊರಟವು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 25 ನಿಮಿಷ. ಒಂದು ಕಾದಂಬರಿಗೆ ಹತ್ತರಷ್ಟು ತಟ್ಟೆಗಳು ಬೇಕಾಗುತ್ತಿದ್ದವು. ಅಷ್ಟು ತೊಡಕಿದ್ದರೂ ಅವರು ಪುಸ್ತಕವನ್ನು ಪೂರ್ತಿಯಾಗಿ ಓದಿಸಿದರು. ಮುಂದೆ ಕ್ಯಾಸೆಟ್ಟಿನ ಕಾಲ ಬಂದು, ಕಣ್ಣಿರುವವರಿಗಾಗಿ ಪೇಟೆಯಲ್ಲಿ ಮಾರುವ ಕೇಳುಪುಸ್ತಕಗಳು ತಯಾರಾದಾಗ, ಎರಡು ಕ್ಯಾಸೆಟ್ಟು, ಮೂರು ಗಂಟೆ ಎಂಬ ಅಳತೆಗೆ ಕಾದಂಬರಿಗಳನ್ನು ಕತ್ತರಿಸುವುದು ರೂಢಿಯಾಯಿತು. ಕಣ್ಣಿರುವವನು ಬೇಕೆನಿಸಿದರೆ ಮೂಲವನ್ನು ತೆರೆದು ನೋಡಬಲ್ಲ. ಕಣ್ಣಿಲ್ಲದವನಿಗೆ ಕೇಳಿದ್ದೇ ಪುಸ್ತಕ. ಅವನಿಗೆ ಅರ್ಧವನ್ನು ಕೊಟ್ಟು ಪೂರ್ತಿಯೆನ್ನುವುದು ಅನ್ಯಾಯವೆಂದು ಆ ಹಿಂದಿನವರು ಅರಿತಿದ್ದರು.

ನಮ್ಮಲ್ಲಿ ಕೇಳಿದ್ದೇ ಪುಸ್ತಕವಾಗಿರುವವರು ಯಾರು ಯಾರು? ಅಂಧರು ಸರಿಯೆ. ಕಣ್ಣು ಮಂಜಾದ ನನ್ನ ವಯಸ್ಸಿನವರು. ಶಾಲೆಯ ಮುಖ ಕಾಣದೆ ಬೆಳೆದ ತಾಯಂದಿರು. ಇವರ ಜೊತೆಗೆ ಈಗ ಇನ್ನೊಂದು ಗುಂಪು ಸೇರಿದೆ: ಮನೆಯಲ್ಲಿ ಕನ್ನಡವಾಡುತ್ತ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿತು, ಕನ್ನಡದ ಒಂದು ಪುಟವನ್ನು ಓದಲು ತಡವರಿಸುವ ಮಕ್ಕಳು. ಕೊರಟಗೆರೆಯಂತಹ ಸಣ್ಣ ಊರಿನಲ್ಲಿಯೂ ಇಂತಹ ಮಕ್ಕಳಿದ್ದಾರೆ. ಅವರು ಮಾಸ್ತಿಯವರನ್ನೂ ಕುವೆಂಪು ಅವರನ್ನೂ ಮೊದಲು ಭೇಟಿಯಾಗುವುದು ಬಹುಶಃ ಕಿವಿಯಲ್ಲೇ. ಆಗ ಯಾರ ದನಿ, ಎಷ್ಟು ಪುಟ ಎಂಬುದು ಅವರ ಪಾಲಿಗೆ ಆ ಲೇಖಕ ಯಾರೆಂಬುದನ್ನೇ ನಿರ್ಧರಿಸುತ್ತದೆ. ಅಂಗವಿಕಲರಿಗೆ ನಿಲುಕುವ ರೂಪದಲ್ಲಿ ಪುಸ್ತಕಗಳನ್ನು ಸಿದ್ಧಪಡಿಸಲು 2012ರ ತಿದ್ದುಪಡಿಯಿಂದ ನಮ್ಮ ಗ್ರಂಥಸ್ವಾಮ್ಯದ ಕಾನೂನೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಸ್ಥಿರೀಕರಿಸಿದ ದೇಶ ಭಾರತ. ದಾರಿ ತೆರೆದಿದೆ, ಕತ್ತರಿಸದ ಪುಸ್ತಕಗಳು ಆ ದಾರಿಯಲ್ಲಿ ಬರಬೇಕು.

ಆದ್ದರಿಂದ ಕೇಳುಪುಸ್ತಕದ ವಿಷಯದಲ್ಲಿ ನಾವು ಕೇಳಬೇಕಾದದ್ದು ಬಹಳವೇನಿಲ್ಲ. ಸಂಗ್ರಹವಾದರೆ ಸಂಗ್ರಹವೆಂದು ಆರಂಭದಲ್ಲಿಯೇ ಹೇಳಲಿ. ಯಾರು ಸಂಗ್ರಹಿಸಿದರು, ಯಾವುದನ್ನು ಬಿಟ್ಟರು ಎಂಬುದನ್ನೂ ತಿಳಿಸಲಿ. ಬಿಟ್ಟ ಕಡೆಯಲ್ಲಿ ಹಿಂದಿನ ವ್ಯಾಖ್ಯಾನಕಾರನಂತೆ ಎರಡು ಮಾತಿನ ಸೇತುವೆ ಇರಲಿ. ವಾಚಕನ ಹೆಸರು ಲೇಖಕನ ಹೆಸರಿನ ಪಕ್ಕದಲ್ಲಿ ಬರಲಿ, ಏಕೆಂದರೆ ಅವನೂ ಆ ಕೃತಿಯ ಒಬ್ಬ ವ್ಯಾಖ್ಯಾನಕಾರ. ಸಾಧ್ಯವಿದ್ದಲ್ಲಿ ಒಂದೇ ಕೃತಿಯನ್ನು ಇಬ್ಬರು ಓದಲಿ. ಎರಡು ದನಿಗಳನ್ನು ಕೇಳಿದವನಿಗೆ ದನಿ ಬೇರೆ, ಕೃತಿ ಬೇರೆ ಎಂಬ ಅರಿವು ತಾನಾಗಿ ಮೂಡುತ್ತದೆ. ಕೇಳುವವರಿಗೂ ಒಂದು ಮಾತು. ಮನೆಯಲ್ಲಿ ಕಣ್ಣು ಸೋತ ಹಿರಿಯರೊಬ್ಬರು ಫೋನಿನಲ್ಲಿ ಕಾದಂಬರಿಯೊಂದನ್ನು ಕೇಳುತ್ತಿದ್ದರೆ, ಓದಬಲ್ಲ ಕಿರಿಯರು ಗ್ರಂಥಾಲಯದಿಂದ ಮೂಲವನ್ನು ತಂದು ಪಕ್ಕದಲ್ಲಿ ಕುಳಿತು, ಬಿಟ್ಟುಹೋದ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳಬಹುದು. ಅದಕ್ಕೆ ರಾಗ ಬೇಕಾಗಿಲ್ಲ. ಹಕಾರವನ್ನು ಹಕಾರವಾಗಿ ನುಡಿದರೆ ಸಾಕು.